ತೊಳೆದ ಇಂಜಿನ್

ಅಜ್ಜೀಪುರದ ನಮ್ಮ ಮನೆ ಮುಂದೆ ಹೊಂಗೆ ಮರದ ಕೆಳಗೆ ಒಂದು ಕಪ್ಪು ಕಲೆ ಇದೆ. ಅಪ್ಪನ ಮಾರುತಿ 800 ನಿಲ್ಲುತ್ತಿದ್ದ ಜಾಗ ಅದು. 1998ರ ಮಾಡೆಲ್, ಕಾರ್ಬ್ಯುರೇಟರ್ ಇಂಜಿನ್. ಅಪ್ಪ ಕೊಂಡಾಗಲೇ ಅದು ಎರಡು ಕೈ ದಾಟಿ ಬಂದಿತ್ತು. ಬೆಳಿಗ್ಗೆ ಅಮ್ಮ ಅಂಗಳಕ್ಕೆ ನೀರು ಹಾಕಿದ ಮೇಲೆ ಆ ಕಲೆಗೆ ಒಂದು ಹಿಡಿ ಒಲೆ ಬೂದಿ ಎರಚುತ್ತಿದ್ದಳು. ಅಪ್ಪ ಮೂರು ವಾರಕ್ಕೊಮ್ಮೆ ಬಾನೆಟ್ ಎತ್ತಿ, ಡಿಪ್‌ಸ್ಟಿಕ್ ಎಳೆದು, ಹಳೇ ಬನಿಯನ್ ಬಟ್ಟೆಗೆ ಒರೆಸಿ, ಮತ್ತೆ ಅದ್ದಿ ನೋಡಿ, ಅರ್ಧ ಲೀಟರ್ ಆಯಿಲ್ ಸುರಿಯುತ್ತಿದ್ದ. ಮೇಲಿಂದ ಸುರಿಯೋದು ಅಪ್ಪನ ಕೆಲಸ, ಕೆಳಗೆ ಬೂದಿ ಹಾಕೋದು ಅಮ್ಮನ ಕೆಲಸ. ನಾಲ್ಕೈದು ವರ್ಷ ಹೀಗೇ ನಡೆದಿತ್ತು.

ಎಲ್ಲಿಂದ ಸೋರುತ್ತದೆ ಅಂತ ಯಾರೂ ಹುಡುಕಿರಲಿಲ್ಲ. ಒಬ್ಬ ಮೆಕ್ಯಾನಿಕ್ ಒಮ್ಮೆ ಕೆಳಗೆ ಬಗ್ಗಿ, ಇಂಜಿನ್ನೂ ಗೇರ್‌ಬಾಕ್ಸೂ ಸೇರುವ ಜಾಗ ಒದ್ದೆಯಾಗಿರೋದನ್ನ ನೋಡಿ, "ಕ್ರ್ಯಾಂಕ್ ಹಿಂದ್ಗಡೆ ಸೀಲ್ ಹೋಯ್ತು. ಗೇರ್‌ಬಾಕ್ಸ್ ಇಳಿಸ್ಬೇಕು" ಅಂದಿದ್ದನಂತೆ. ಅಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಗೇರ್‌ಬಾಕ್ಸ್ ಇಳಿಸಿ ಏರಿಸುವ ಕೂಲಿಗೆ ಎಷ್ಟೋ ತಿಂಗಳ ಆಯಿಲ್ ಬರುತ್ತೆ. ಹಾಗಾಗಿ ಸುರಿಯೋದೇ ಲಾಭ. ಲೆಕ್ಕ ತಪ್ಪೇನಲ್ಲ. ನಮ್ಮ ಆಫೀಸಲ್ಲೂ ಒಂದು ಪ್ರೋಗ್ರಾಮ್ ಇತ್ತು, ಓಡ್ತಾ ಓಡ್ತಾ ಮೆಮೊರಿ ತಿನ್ನುತ್ತಿತ್ತು. ಯಾಕೆ ತಿನ್ನುತ್ತದೆ ಅಂತ ಹುಡುಕುವ ಬದಲು ದಿನಾ ರಾತ್ರಿ ಮೂರು ಗಂಟೆಗೆ ಅದನ್ನು ನಿಲ್ಲಿಸಿ ಮತ್ತೆ ಶುರು ಮಾಡುವ ಹಾಗೆ ಮಾಡಿದ್ದೆವು. ಅದು ನಾನೇ ಬರೆದದ್ದು. ಅಪ್ಪನ ಅರ್ಧ ಲೀಟರಿಗೆ ನಗುವ ಹಕ್ಕು ನನಗಿರಲಿಲ್ಲ.

ಹೋದ ವರ್ಷ ಅಪ್ಪನ ಕಣ್ಣಿಗೆ ಪೊರೆ ಬಂತು. ಆಪರೇಷನ್ ಆಯ್ತು, ಆದರೂ ಕತ್ತಲಾದ ಮೇಲೆ ಗಾಡಿ ಓಡಿಸುವ ಧೈರ್ಯ ಮತ್ತೆ ಬರಲಿಲ್ಲ. ಮಾರೋಣ ಅಂತ ತೀರ್ಮಾನವಾಯ್ತು. ನಮ್ಮ ಬೀದಿಯ ಕೊನೇ ಮನೆ ಮಾವ ಕೇಳಿದರು. ರಕ್ತಸಂಬಂಧದ ಮಾವ ಅಲ್ಲ. ಅಮ್ಮನ್ನ ಅಕ್ಕ ಅಂತಾರೆ, ಅಪ್ಪನ್ನ ಭಾವ ಅಂತಾರೆ, ಹಾಗಾಗಿ ನಮಗೆ ಮಾವ. ಅಮಾವಾಸ್ಯೆಗೆ ನಾಲ್ಕು ಜನ ಕೂರಿಸಿಕೊಂಡು ಮಾದಪ್ಪನ ಬೆಟ್ಟಕ್ಕೆ ಹೋಗಿ ಬರೋದು, ರಾತ್ರಿ ಹೊತ್ತು ಯಾರಿಗಾದರೂ ಹುಷಾರಿಲ್ಲ ಅಂದರೆ ಆಸ್ಪತ್ರೆಗೆ ಕರೆದುಕೊಂಡು ಹೋಗೋದು, ಇದು ಅವರ ಆಲೋಚನೆ. 45,000ಕ್ಕೆ ಮಾತಾಯ್ತು. ಭಾನುವಾರ ಬಂದು ನೋಡಿ ಮುಂಗಡ ಕೊಡ್ತೀನಿ ಅಂದರು.

ಟೀ ಅಂಗಡಿಯಲ್ಲಿ ಯಾರೋ ಅಪ್ಪನಿಗೆ ಹೇಳಿದ್ದಾರೆ, "ತೋರ್ಸಕ್ಕೆ ಮುಂಚೆ ಇಂಜಿನ್ ತೊಳ್ಸು. ಹೊಸದರಂಗೆ ಕಾಣ್ತದೆ." ಅಪ್ಪ ನನಗೆ ಫೋನ್ ಮಾಡಿದ: "ಶನಿವಾರ ಬಾ. ಇಂಜಿನ್ ತೊಳೀಬೇಕು." ನನಗೆ ಖುಷಿಯಾಯ್ತು. ಸೋರಿಕೆ ಹುಡುಕುವವರು ಮೊದಲು ಮಾಡುವ ಕೆಲಸವೂ ಅದೇ. ಕೊನೆಗೂ ಅಪ್ಪ ರಿಪೇರಿಗೆ ಮನಸ್ಸು ಮಾಡಿದ ಅಂದುಕೊಂಡು ಬಸ್ ಹತ್ತಿದೆ.

ಹಳೇ ಇಂಜಿನ್ನಿನ ಎಣ್ಣೆ ಸೋರಿಕೆ ಹುಡುಕೋದು ಯಾಕೆ ಕಷ್ಟ ಅಂದರೆ, ಎಣ್ಣೆ ಹೊರಗೆ ಬಂದ ಜಾಗದಲ್ಲೇ ನಿಲ್ಲೋದಿಲ್ಲ. ಕೆಳಗೆ ಇಳಿಯುತ್ತದೆ. ಗಾಡಿ ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಅದರ ಮೇಲೆ ಧೂಳು ಕೂರುತ್ತದೆ, ಧೂಳು ಮತ್ತೆ ಎಣ್ಣೆ ಹೀರುತ್ತದೆ, ವರ್ಷ ಕಳೆದರೆ ಇಡೀ ಇಂಜಿನ್ ಒಂದೇ ಕಪ್ಪು ಕಂಬಳಿ ಹೊದ್ದ ಹಾಗೆ ಕಾಣುತ್ತದೆ. ನೆಲಕ್ಕೆ ತೊಟ್ಟಿಕ್ಕುವ ಜಾಗ ತೂತಿನ ಜಾಗ ಅಲ್ಲ, ಅದು ಎಣ್ಣೆಯ ಪ್ರಯಾಣ ಮುಗಿಯುವ ಜಾಗ. ಹಾಗಾಗಿ ಪೂರ್ತಿ ತೊಳೆದು, ಒಣಗಿಸಿ, ಸ್ವಲ್ಪ ಓಡಿಸಿ, ಹೊಸದಾಗಿ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿರೋದು ಯಾವುದು ಅಂತ ನೋಡಬೇಕು.

ಡಿಸ್ಟ್ರಿಬ್ಯೂಟರಿಗೂ ಕಾರ್ಬ್ಯುರೇಟರಿಗೂ ಪ್ಲಾಸ್ಟಿಕ್ ಕವರ್ ಕಟ್ಟಿ, ಡೀಸೆಲ್‌ನಲ್ಲಿ ಬ್ರಷ್ ಅದ್ದಿ ಉಜ್ಜಿದೆ. ತಣ್ಣಗಿರುವ ಇಂಜಿನ್ ಮೇಲೇ ಮಾಡಬೇಕು, ಬಿಸಿ ಇರುವಾಗ ಡೀಸೆಲ್ ಹತ್ತಿರ ತರಬಾರದು. ಕಂಬಳಿ ಕರಗಿ ಕೆಳಗಿಟ್ಟ ಬಾಣಲಿಗೆ ಇಳೀತು. ಸೋಪಿನ ನೀರು, ಆಮೇಲೆ ಬರೀ ನೀರು, ಆಮೇಲೆ ಬಿಸಿಲು. ಒಣಗಿದ ಮೇಲೆ ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಕಾಣಿಸ್ತು. ಅಪ್ಪ ಕುರ್ಚಿ ತಂದು ಪಕ್ಕದಲ್ಲಿ ಕೂತಿದ್ದ. "ಇಷ್ಟು ಚೆಂದ ಇತ್ತಾ ಇದು" ಅಂದ.

ನಾನು ಒಳಗೆ ಹೋಗಿ ಅಮ್ಮನ ಪೌಡರ್ ಡಬ್ಬಿ ತಂದು, ಅನುಮಾನ ಇದ್ದ ಜಾಗಗಳಿಗೆಲ್ಲ ಉದುರಿಸತೊಡಗಿದೆ. ಎಣ್ಣೆ ತಾಗಿದ ಕಡೆ ಪೌಡರ್ ಕಂದು ಬಣ್ಣಕ್ಕೆ ತಿರುಗಿ, ಗೆರೆ ಎಳೆದ ಹಾಗೆ ದಾರಿ ತೋರಿಸುತ್ತದೆ.

"ಏನ್ಲಾ ಅದು?"

"ಎಲ್ಲಿಂದ ಸೋರ್ತದೆ ಅಂತ ಗೊತ್ತಾಗಕ್ಕೆ."

"ಅಯ್ಯೋ ಬುಡು. ಈಗ ಚೆಂದಾಗದಲ್ಲ. ಹಿಂಗೇ ಇರ್ಲಿ, ನಾಳೆ ನೋಡ್ಕಂಡು ಹೋಗ್ಲಿ ಅವ್ನು."

ಆಗ ನನಗೆ ಹೊಳೀತು. ನಾವಿಬ್ಬರೂ ಬೇರೆ ಬೇರೆ ಕೆಲಸ ಮಾಡ್ತಿದ್ದೆವು. ಅದೇ ಡೀಸೆಲ್, ಅದೇ ಬ್ರಷ್, ಅದೇ ಬಿಸಿಲು. ನಾನು ಸೋರಿಕೆ ಕಾಣಿಸಲಿ ಅಂತ ತೊಳೆದಿದ್ದೆ, ಅಪ್ಪ ಕಾಣಿಸದೇ ಇರಲಿ ಅಂತ ತೊಳೆಸಿದ್ದ. ಕೈಯಲ್ಲಿದ್ದ ಪೌಡರ್ ಕೂಡ ಅಂಥದ್ದೇ. ಒಂದು ಕಡೆ ಕಲೆ ಮುಚ್ಚೋಕೆ ಹಚ್ಚುತ್ತಾರೆ, ಇನ್ನೊಂದು ಕಡೆ ಕಲೆ ಹಿಡಿಯೋಕೆ.

ಅಪ್ಪ ಮೋಸಗಾರ ಅಲ್ಲ. ಈ ಮಾತು ಮಗ ಹೇಳಿದರೆ ತೂಕ ಕಡಿಮೆ, ಗೊತ್ತು. ಅವನ ವಾದ ಹೀಗಿತ್ತು: ಇಪ್ಪತ್ತೈದು ವರ್ಷ ದಾಟಿದ ಗಾಡಿ ಸೋರುತ್ತದೆ ಅಂತ ಯಾರಿಗೆ ಗೊತ್ತಿಲ್ಲ? ಅದಕ್ಕೇ ತಾನೆ ಈ ಬೆಲೆ? ಕೊಳ್ಳೋನಿಗೂ ಕಣ್ಣಿದೆ, ಬಗ್ಗಿ ನೋಡಲಿ. ಕೇಳಿದರೆ ಸುಳ್ಳು ಹೇಳಲ್ಲ, ಕೇಳದೇ ಇದ್ದರೆ ನಾನಾಗಿ ಯಾಕೆ ಹೇಳಲಿ? ಹೆಣ್ಣು ತೋರಿಸುವಾಗ ಮನೆಗೆ ಸುಣ್ಣ ಬಳಿಯಲ್ಲವಾ?

ಉತ್ತರ ಸುಲಭ ಅನ್ನಿಸಲಿಲ್ಲ. ನಮ್ಮ ತಾತ ಎತ್ತು ಮಾರಿದ್ದನ್ನು ಚಿಕ್ಕವನಿದ್ದಾಗ ನೋಡಿದ್ದೇನೆ. ಕೊಳ್ಳುವವನು ಹಲ್ಲು ಎಣಿಸಿ, ಸುಳಿ ನೋಡಿ, ನಡೆಸಿ, ಬಾಲ ತಿರುವಿ ಎಲ್ಲ ಪರೀಕ್ಷೆ ಮಾಡುತ್ತಿದ್ದ. ಆಮೇಲೆ ಟವೆಲ್ ಒಳಗೆ ಬೆರಳು ಹಿಡಿದು ಬೆಲೆ. ಅಲ್ಲಿ ಎತ್ತಿನ ಮೈ ತೊಳೆಯೋದು, ಕೊಂಬು ಸವರಿ ಎಣ್ಣೆ ಹಚ್ಚೋದು ಯಾರಿಗೂ ತಪ್ಪಲ್ಲ. ಆದರೆ ನೊಗ ಕಟ್ಟಿದರೆ ಮಲಗುವ ಎತ್ತನ್ನು ತಾತ ಮಾರುವಾಗ ಟವೆಲ್ ಹಾಕುವ ಮುಂಚೆಯೇ "ಇದು ಮಲ್ಗ್‌ತದೆ ಕಣಪ್ಪ" ಅಂದಿದ್ದ. ಹಲ್ಲು ಬಾಯಿ ತೆರೆದರೆ ಕಾಣುತ್ತದೆ. ಮಲಗುವ ಚಾಳಿ ಸಂತೆಯಲ್ಲಿ ನಿಂತ ಎತ್ತಿನಲ್ಲಿ ಕಾಣೋದಿಲ್ಲ. ಅವನ ಲೆಕ್ಕ ಇದಿರಬೇಕು: ಕಣ್ಣಿಗೆ ಸಿಗೋದು ಕೊಳ್ಳೋನ ಜವಾಬ್ದಾರಿ, ಸಿಗದೇ ಇರೋದು ಮಾರೋನದು.

ಆ ರಾತ್ರಿ ನಿದ್ದೆ ಬಾರದೆ ಫೋನಿನಲ್ಲಿ ಕಾನೂನು ಏನು ಹೇಳುತ್ತೆ ಅಂತ ಓದಿದೆ. ನಮ್ಮ ದೇಶದ ಕಾಂಟ್ರ್ಯಾಕ್ಟ್ ಆಕ್ಟ್ 1872ರದ್ದು. ಅದರ 17ನೇ ಸೆಕ್ಷನ್ ವಂಚನೆ ಅಂದರೆ ಏನು ಅಂತ ಹೇಳುತ್ತದೆ, ಅರ್ಥವಾಗಲಿ ಅಂತ ಕೆಳಗೆ ಒಂದು ಕುದುರೆಯ ಉದಾಹರಣೆ ಕೊಡುತ್ತದೆ. ಒಬ್ಬ ಹರಾಜಿನಲ್ಲಿ ಕುದುರೆ ಮಾರುತ್ತಾನೆ, ಅದಕ್ಕೆ ದೋಷ ಇದೆ ಅಂತ ಅವನಿಗೆ ಗೊತ್ತು, ಸುಮ್ಮನಿರುತ್ತಾನೆ. ಇದು ವಂಚನೆ ಅಲ್ಲವಂತೆ. ಅಪ್ಪ ಗೆದ್ದ ಅಂದುಕೊಂಡೆ. ಮುಂದೆ ಓದಿದರೆ, ಅದೇ ಕುದುರೆಯನ್ನು ಕೊಂಡವಳು ಆಗಷ್ಟೇ ವಯಸ್ಸಿಗೆ ಬಂದ ಅವನ ಮಗಳಾದರೆ? ಆಗ ಆ ಸಂಬಂಧದ ಕಾರಣಕ್ಕೇ ಹೇಳಬೇಕಾದ ಕರ್ತವ್ಯ ಬರುತ್ತದೆ. ಇನ್ನೊಂದು, ಕೊಳ್ಳುವವನು 'ನೀನು ಅಲ್ಲ ಅನ್ನದಿದ್ದರೆ ಕುದುರೆ ಸರಿಯಾಗಿದೆ ಅಂತ ತಿಳಿದುಕೊಳ್ತೀನಿ' ಅಂದಾಗ ಸುಮ್ಮನಿದ್ದರೆ, ಆ ಮೌನವೇ ಮಾತು. ಇವೆಲ್ಲ ಬರೀ ಮೌನದ ವಿಷಯ. ಗೊತ್ತಿರುವ ದೋಷವನ್ನು ಮೋಸದ ಉದ್ದೇಶದಿಂದ ಕೈಯಾರೆ ಮುಚ್ಚಿಟ್ಟರೆ ಅದು ನೇರವಾಗಿ ವಂಚನೆ. ನನ್ನ ಉಗುರುಗಳಲ್ಲಿ ಇನ್ನೂ ಡೀಸೆಲ್ ವಾಸನೆ ಇತ್ತು.

ಮಗಳ ಉದಾಹರಣೆ ಮನಸ್ಸಿಂದ ಹೋಗಲಿಲ್ಲ. ಊರಲ್ಲಿ ಅಪರಿಚಿತ ಅನ್ನುವ ಕೊಳ್ಳುವವನೇ ಇಲ್ಲ. ಎಲ್ಲರೂ ಅಣ್ಣ, ಭಾವ, ಮಾವ, ಚಿಕ್ಕಪ್ಪ. ಕಾನೂನಿಗೆ ಯಾವುದು ಅಪರೂಪದ ಸಂದರ್ಭವೋ ಅಜ್ಜೀಪುರದಲ್ಲಿ ಅದು ದಿನನಿತ್ಯದ್ದು. ಕೊನೇ ಮನೆ ಮಾವ ಇಂಜಿನ್ ಬಗ್ಗಿ ನೋಡಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ಭಾವನ ಗಾಡಿ ಅಂತ ಕೊಳ್ಳುತ್ತಿರೋರು ಅವರು. ಬಗ್ಗಿ ನೋಡಿದರೆ ಅಪ್ಪನಿಗೆ ಅವಮಾನ ಅಂದುಕೊಳ್ಳುವ ಜನ. 'ಬಗ್ಗಿ ನೋಡಲಿ' ಅನ್ನುವ ವಾದ ಸಂತೆಗೆ ಸರಿ, ನೋಡಬಾರದು ಅನ್ನುವ ಮರ್ಯಾದೆಯನ್ನು ನಾವೇ ಅವರಿಗೆ ಹೊರಿಸಿದ ಮೇಲೆ ಸರಿಯಲ್ಲ.

ಜಾರ್ಜ್ ಅಕರ್ಲಾಫ್ ಅನ್ನುವ ಅಮೆರಿಕದ ಅರ್ಥಶಾಸ್ತ್ರಜ್ಞ 1970ರಲ್ಲಿ ಸೆಕೆಂಡ್ ಹ್ಯಾಂಡ್ ಕಾರುಗಳ ಬಗ್ಗೆಯೇ ಒಂದು ಪ್ರಬಂಧ ಬರೆದ. 2001ರಲ್ಲಿ ಇನ್ನಿಬ್ಬರ ಜೊತೆ ಅವನಿಗೆ ನೊಬೆಲ್ ಬಂತು. ಗಾಡಿ ಹೇಗಿದೆ ಅಂತ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಎಲ್ಲ ಗಾಡಿಗೂ ಅನುಮಾನದ ಬೆಲೆ ಕಟ್ಟುತ್ತಾನೆ. ಒಳ್ಳೇ ಗಾಡಿ ಇರುವವನು ಆ ಬೆಲೆಗೆ ಕೊಡಲ್ಲ, ಹೊರಗೆ ಹೋಗುತ್ತಾನೆ. ಕೊನೆಗೆ ಮಾರ್ಕೆಟ್ಟಿನಲ್ಲಿ ಕೆಟ್ಟ ಗಾಡಿಗಳೇ ಉಳಿಯುತ್ತವೆ. ಇದನ್ನು ಓದಿದ ಮೇಲೆ ನೆನಪಾಯ್ತು, ಪಳಗಿದ ಕೈಗಳು ಹಳೇ ಗಾಡಿ ನೋಡೋಕೆ ಹೋದಾಗ ಫಳಫಳ ಹೊಳೆಯುವ ಇಂಜಿನ್ ಕಂಡರೆ ಹಿಂದೆ ಸರಿಯುತ್ತಾರೆ. ಧೂಳು ಕೂತ ಇಂಜಿನ್ನೇ ನಂಬಿಕೆಗೆ ಯೋಗ್ಯ ಅನ್ನುತ್ತಾರೆ. ಸ್ವಚ್ಛವಾಗಿ ಇಟ್ಟುಕೊಂಡವನಿಗೂ ಈಗ ಅನುಮಾನದ ಬೆಲೆ.

ಇನ್ನೊಂದು ಮುಳ್ಳಿತ್ತು. ಕಾನೂನಾಗಲಿ ತಾತನಾಗಲಿ ಗೊತ್ತಿದ್ದವನನ್ನು ಮಾತ್ರ ಹಿಡಿಯುತ್ತಾರೆ. ಗೊತ್ತೇ ಇಲ್ಲದವನಿಗೆ ಹೇಳುವ ಸಾಲವೂ ಇಲ್ಲ. ಹಾಗಾದರೆ ಹುಡುಕದೇ ಇರೋದೇ ಕ್ಷೇಮ! ಅಪ್ಪ ಇಷ್ಟು ವರ್ಷ ಸುರಿದದ್ದರಲ್ಲಿ, ನಾವು ರಾತ್ರಿ ಮೂರಕ್ಕೆ ಪ್ರೋಗ್ರಾಮ್ ನಿಲ್ಲಿಸಿದ್ದರಲ್ಲಿ, ದುಡ್ಡಿನ ಲೆಕ್ಕದ ಜೊತೆ ಈ ಲೆಕ್ಕವೂ ಇತ್ತೇನೋ. ಎಲ್ಲಿಂದ ಅಂತ ಗೊತ್ತಾದರೆ ಆಮೇಲೆ ಏನಾದರೂ ಮಾಡಲೇಬೇಕು, ಯಾರಿಗಾದರೂ ಹೇಳಲೇಬೇಕು.

ಶನಿವಾರಕ್ಕೇ ವಾಪಸ್ ಬರುತ್ತೇನೆ, ಕಥೆ ಹಿಂದೆ ಉಳೀತು. ಅಪ್ಪ ಗೊಣಗಿದರೂ ನಾನು ಪೌಡರ್ ಹಾಕಿ, ಹನೂರಿನ ತನಕ ಓಡಿಸಿಕೊಂಡು ಬಂದೆ. ಟಾರ್ಚ್ ಹಿಡಿದು ನೋಡಿದರೆ ಎರಡು ಕಡೆ ಗೆರೆ. ಒಂದು, ಮೇಲಿನ ಟ್ಯಾಪೆಟ್ ಕವರ್ ಅಂಚು. ಯಾರೋ ಹಿಂದೆ ಸೋರುತ್ತದೆ ಅಂತ ಬೋಲ್ಟನ್ನು ಅತಿಯಾಗಿ ಬಿಗಿದಿದ್ದಾರೆ, ಗ್ಯಾಸ್ಕೆಟ್ ಹಿಂಡಿ ಹೊರಗೆ ಬಂದಿದೆ. ಬಿಗಿದಷ್ಟೂ ಸೋರೋದು ನಿಲ್ಲುತ್ತೆ ಅನ್ನೋದು ನಲ್ಲಿಗೂ ನಿಜವಲ್ಲ, ಇಂಜಿನ್ನಿಗಂತೂ ಅಲ್ಲವೇ ಅಲ್ಲ. ಎರಡನೇದು ಡಿಸ್ಟ್ರಿಬ್ಯೂಟರ್ ಬುಡ. ಈ ಇಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರ್ ಗೇರ್‌ಬಾಕ್ಸ್ ಕಡೆಯ ತುದಿಯಲ್ಲಿ ಮೇಲ್ಗಡೆ ಕೂತಿರುತ್ತದೆ. ಅದರ ಓ ರಿಂಗ್ ಹೋದರೆ ಎಣ್ಣೆ ನೇರ ಗೇರ್‌ಬಾಕ್ಸ್ ಸೇರುವ ಜಾಗಕ್ಕೆ ಇಳಿದು, ಅಲ್ಲಿಂದ ನೆಲಕ್ಕೆ ತೊಟ್ಟಿಕ್ಕುತ್ತದೆ. ಕೆಳಗಿಂದ ನೋಡಿದವರಿಗೆ ಕ್ರ್ಯಾಂಕ್ ಸೀಲೇ ಹೋದ ಹಾಗೆ ಕಾಣುತ್ತದೆ. ಬೆರಳಿಗೆ ಹಚ್ಚಿ ಮೂಸಿದೆ. ಗೇರ್ ಆಯಿಲ್ ಆದರೆ ಗಂಧಕದ ಘಾಟು ಇರಬೇಕು, ಇರಲಿಲ್ಲ. ಇಂಜಿನ್ ಆಯಿಲ್ಲೇ.

ಕೊಳ್ಳೇಗಾಲಕ್ಕೆ ಹೋಗಿ ಗ್ಯಾಸ್ಕೆಟ್ಟು, ಓ ರಿಂಗು ತಂದೆ. ಡಿಸ್ಟ್ರಿಬ್ಯೂಟರ್ ಎಳೆಯುವ ಮುಂಚೆ ಅದು ಕೂತ ಕೋನ ಮತ್ತು ಒಳಗಿನ ರೋಟರ್ ತಿರುಗಿದ ದಿಕ್ಕು ಎರಡಕ್ಕೂ ತಂಗಿಯ ನೇಲ್ ಪಾಲಿಶ್‌ನಲ್ಲಿ ಗುರುತು ಮಾಡಿಕೊಂಡೆ. ಇಲ್ಲದಿದ್ದರೆ ಟೈಮಿಂಗ್ ತಪ್ಪಿ ಗಾಡಿ ಸ್ಟಾರ್ಟೇ ಆಗಲ್ಲ. ಹಳೇ ಓ ರಿಂಗ್ ಕೈಯಲ್ಲಿ ಹಪ್ಪಳದ ಹಾಗೆ ಮುರೀತು. ಅದು ರಬ್ಬರ್ ಅನ್ನೋದೇ ಮರೆತುಹೋಗಿತ್ತು ಅದಕ್ಕೆ. ಎಷ್ಟೋ ವರ್ಷ ಬಿಸಿ ತಿಂದರೆ ಯಾವ ಕಂಪನಿಯ ರಬ್ಬರೂ ಹಾಗೇ.

ಹೊಸದು ಹಾಕಿ ಮುಗಿಸುವವನಿದ್ದೆ. ಆದರೆ ಎರಡು ಕಡೆ ಒಟ್ಟಿಗೇ ಸೋರುತ್ತಿದೆ ಅಂದರೆ ಒಳಗಿಂದ ಯಾರೋ ತಳ್ಳುತ್ತಿದ್ದಾರೆ ಅನ್ನಿಸ್ತು. ಪಿಸ್ಟನ್ ಪಕ್ಕದಿಂದ ಸ್ವಲ್ಪ ಗ್ಯಾಸ್ ಕೆಳಗೆ ನುಸುಳೋದು ಎಲ್ಲ ಇಂಜಿನ್ನಿನಲ್ಲೂ ಇದ್ದದ್ದೇ. ಅದು ಬ್ರೀದರ್ ಪೈಪಿನಲ್ಲಿ ಏರ್ ಫಿಲ್ಟರ್ ಕಡೆ ಹೊರಟುಹೋಗಬೇಕು. ಪೈಪ್ ಬಿಚ್ಚಿ ಊದಿದೆ. ಕೆನ್ನೆ ಉಬ್ಬಿತೇ ಹೊರತು ಗಾಳಿ ಹೋಗಲಿಲ್ಲ. ಒಳಗೆ ಹಿಪ್ಪೆಯಂಥ ಮಡ್ಡಿ ಕಟ್ಟಿತ್ತು. ಹೋಗೋಕೆ ದಾರಿ ಇಲ್ಲದ ಗಾಳಿ ಎಲ್ಲಿ ಸಂದು ಸಿಕ್ಕಿತೋ ಅಲ್ಲಿಂದ ಎಣ್ಣೆಯನ್ನು ನೂಕಿಕೊಂಡು ಬರುತ್ತಿತ್ತು. ಕಡ್ಡಿ ಹಾಕಿ, ಪೆಟ್ರೋಲ್ ಹಾಕಿ ತೊಳೆದು ಜೋಡಿಸಿದೆ. ಇದನ್ನು ಬಿಟ್ಟು ಬರೀ ಸೀಲ್ ಬದಲಾಯಿಸಿದ್ದರೆ ಆರು ತಿಂಗಳಲ್ಲಿ ಮತ್ತೆ ಅದೇ ಕಥೆ ಆಗೋದು.

ರಾತ್ರಿ ಗಾಡಿ ಕೆಳಗೆ ಒಂದು ರಟ್ಟು ಹಾಸಿ ಮಲಗಿದೆ. ಮಲಗಿ ಓದಿದ್ದು ಆಗಲೇ ಹೇಳಿದೆನಲ್ಲ, ಆ ಕುದುರೆ.

ಭಾನುವಾರ ಬೆಳಿಗ್ಗೆ ನೋಡಿದರೆ ರಟ್ಟಿನ ಮೇಲೆ ಎರಡು ರೂಪಾಯಿ ನಾಣ್ಯದಷ್ಟು ಒಂದು ಕಲೆ. ಮುಂಚೆ ಅಂಗೈಯಷ್ಟು ಆಗುತ್ತಿತ್ತು, ಈಗ ನಾಣ್ಯ. ಬಗ್ಗಿ ನೋಡಿದೆ. ಮೇಲೆಲ್ಲ ಪೌಡರ್ ಬೆಳ್ಳಗೇ ಇತ್ತು. ಗೇರ್‌ಬಾಕ್ಸ್ ಸೇರುವ ಜಾಗದ ತಳದಲ್ಲಿ ಮಾತ್ರ ಒಂದು ಹನಿ ನೇತಾಡುತ್ತಿತ್ತು. ಆ ಮೆಕ್ಯಾನಿಕ್ ಹೇಳಿದ್ದೂ ಪೂರ್ತಿ ಸುಳ್ಳಲ್ಲ. ಕ್ರ್ಯಾಂಕ್ ಸೀಲೂ ಜಿನುಗುತ್ತಿತ್ತು.

ಹತ್ತು ಗಂಟೆಗೆ ಮಾವ ಬಂದರು. ಬಿಳೀ ಪಂಚೆ, ಹಣೆಗೆ ವಿಭೂತಿ, ಜೇಬಿನಲ್ಲಿ ಮುಂಗಡ. ಬಾನೆಟ್ ಎತ್ತಿದೆವು. "ಚೆಂದಾಗಿ ಮಡೀಕಂಡಿದ್ದೀರ ಭಾವ" ಅಂದರು. ನಾನು ಅಂದುಕೊಂಡ ಹಾಗೇ ಬಗ್ಗಲಿಲ್ಲ. ಏನೂ ಕೇಳಲಿಲ್ಲ. ಸ್ಟಾರ್ಟ್ ಮಾಡಿ ಸದ್ದು ಕೇಳಿ ತಲೆಯಾಡಿಸಿದರು. ಅಪ್ಪ ಮಾತಾಡಲಿಲ್ಲ. ನಾನೇ ಮಾತಾಡಬೇಕಾಯ್ತು, ರಾತ್ರಿಯೆಲ್ಲ ಓದಿದವನು ನಾನಲ್ಲವೇ.

"ಹಳೇ ಗಾಡಿ ಮಾವ. ಆಗಾಗ ಆಯಿಲ್ ಒಂಚೂರು ನೋಡ್ಕತಿರಿ."

"ಅದ್ಯಾವ ದೊಡ್ಡ ಮಾತು, ನೋಡ್ಕತೀನಿ" ಅಂದರು.

ಹೇಳಿದೆ ಅಂತ ಒಂದು ಗಳಿಗೆ ಸಮಾಧಾನವೂ ಆಯ್ತು. ಎಂಥ ವಾಕ್ಯ ನೋಡಿ. ಒಂದಕ್ಷರ ಸುಳ್ಳಿಲ್ಲ. ಹಳೇ ಗಾಡಿ ಮಾರುವ ಪ್ರತಿಯೊಬ್ಬನೂ ಹೇಳುವ ಮಾತು, ಆದ್ದರಿಂದ ಕೇಳುವವನ ಕಿವಿಗೆ ಅದು 'ಹೋಗಿ ಬನ್ನಿ' ಅಂದ ಹಾಗೆ, ಒಳಗೆ ಇಳಿಯಲ್ಲ. ನಾಳೆ ಜಗಳ ಬಂದರೆ ಹೇಳಿದ್ದೆನಲ್ಲ ಅನ್ನಬಹುದು. ಈ ಥರದ ವಾಕ್ಯ ಬರೆಯೋದನ್ನು ನಾನು ಕಲಿತಿದ್ದು ಕೆಲಸದಲ್ಲೇ. ಪ್ರತಿ ರಿಲೀಸಿನ ಜೊತೆ ಗೊತ್ತಿರುವ ದೋಷಗಳ ಪಟ್ಟಿ ಕೊಡುತ್ತೇವೆ, ಅದರಲ್ಲಿ ಯಾವುದು ನಿಜಕ್ಕೂ ಕಚ್ಚುತ್ತದೋ ಅದನ್ನು ಎಲ್ಲಕ್ಕಿಂತ ಮೆತ್ತಗಿನ ಮಾತಿನಲ್ಲಿ ಬರೆದಿರುತ್ತೇವೆ.

ಮಾವ ಜೇಬಿಗೆ ಕೈ ಹಾಕಿದರು. ಅಪ್ಪ ಎದ್ದು ಹೋಗಿ ಗಾಡಿ ಕೆಳಗಿಂದ ರಟ್ಟು ಎಳೆದುಕೊಂಡು ಬಂದ.

"ಇದ ನೋಡಪ್ಪ. ನೆನ್ನೆ ಒಂದ್ ರಾತ್ರಿಗೆ ಇಷ್ಟು. ಮೊದ್ಲು ಇನ್ನೂ ಜಾಸ್ತಿ ಇತ್ತು. ಇವ್ನು ಎರಡು ಕಡೆ ಸರಿ ಮಾಡವ್ನೆ, ಹಿಂದ್ಗಡೆದು ಹಂಗೇ ಅದೆ, ಅದುಕ್ಕೆ ಗೇರ್‌ಬಾಕ್ಸ್ ಇಳಿಸ್ಬೇಕು. ನೀನು ಬೆಟ್ಟಕ್ಕೋಗೋನು. ತಾಳಬೆಟ್ಟದಲ್ಲಿ ನಿಲ್ಸಿ, ಕಡ್ಡಿ ಎಳ್ದು ನೋಡಿ, ಆಮೇಲೆ ಹತ್ತು. ಎಣ್ಣೆ ದೀಪ ಹತ್ಕಂಡ್ರೆ ಅಲ್ಲೇ ಆಫ್ ಮಾಡ್ಬುಡು, ಇನ್ನೊಂದ್ ತಿರುವು ಅನ್ಬೇಡ."

ಅಪ್ಪ ಹೇಳಿದ್ದು ಸರಿ. ಎಣ್ಣೆ ಕಡಿಮೆ ಇರುವಾಗ ಏರಿನಲ್ಲಿ, ತಿರುವಿನಲ್ಲಿ ಇದ್ದದ್ದೂ ತಳದಲ್ಲಿ ಒಂದು ಪಕ್ಕಕ್ಕೆ ಸರಿದು, ಪಂಪ್ ಗಾಳಿ ಎಳೆಯುತ್ತದೆ. ಬಯಲಲ್ಲಿ ಓಡುವಾಗ ಗೊತ್ತೇ ಆಗದ ಕೊರತೆ ಘಾಟಿನಲ್ಲಿ ಇಂಜಿನ್ ಹಿಡಿಸಿಬಿಡುತ್ತದೆ, ಅದೂ ನಾಲ್ಕು ಜನ ಕೂತಿರುವಾಗ.

ಮಾವ ರಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅಮ್ಮ ಕಾಫಿ ತಂದಳು. ಕೊನೆಗೆ 40,000ಕ್ಕೆ ಮುಗೀತು. 29ನೇ ನಂಬರ್, 30ನೇ ನಂಬರ್ ಫಾರಂಗಳಿಗೆ ಸಹಿ ಆಯ್ತು. ಇಂಜಿನ್ ನಂಬರಿಗೆ ಜಾಗ ಇದೆ ಅದರಲ್ಲಿ, ಸೋರಿಕೆಗೆ ಇಲ್ಲ.

ಸಾಯಂಕಾಲ ಬಸ್ಸಿಗೆ ಬಿಡೋಕೆ ಬಂದಾಗ ಅಪ್ಪನ್ನ ಕೇಳಿದೆ, ಯಾಕೆ ಹೇಳ್ದೆ ಅಂತ. ಬೆಟ್ಟದ ಮಾತು ಹೇಳ್ತಾನೆ, ಮಾದಪ್ಪನ ಹೆಸರು ಹೇಳ್ತಾನೆ ಅಂದುಕೊಂಡಿದ್ದೆ.

"ತೊಳೀದೆ ಇದ್ದಿದ್ರೆ ಹೇಳ್ತಿರ್ಲಿಲ್ಲ ಕಣಾ. ಗಲೀಜೇ ಹೇಳದು ಅವ್ನಿಗೆ. ನೀನು ಅದನ್ನ ತೊಳ್ದ್‌ಬುಟ್ಟೆ."

ಐದು ಸಾವಿರ ಹೋಯ್ತಲ್ಲ ಅಂತಲೂ ಒಂದೆರಡು ಸಲ ಅಂದ.

ಮಾವ ಗೇರ್‌ಬಾಕ್ಸ್ ಇನ್ನೂ ಇಳಿಸಿಲ್ಲ. ರಟ್ಟನ್ನೂ ಗಾಡಿ ಜೊತೆ ತೆಗೆದುಕೊಂಡು ಹೋದರು. ಅಮಾವಾಸ್ಯೆಯ ಹಿಂದಿನ ದಿನ ನನಗೆ ವಾಟ್ಸಾಪಿನಲ್ಲಿ ಅದರ ಫೋಟೋ ಬರುತ್ತದೆ, ಪಕ್ಕದಲ್ಲಿ ಅಳತೆಗೆ ಒಂದು ನಾಣ್ಯ ಇಟ್ಟು. ಹೋದ ತಿಂಗಳದ್ದು ನಾಣ್ಯಕ್ಕಿಂತ ಚೂರು ದೊಡ್ಡದಿತ್ತು. ಮೀಟಿಂಗಿನಲ್ಲಿ ಕೂತು ಅದನ್ನು ಹಿಗ್ಗಿಸಿ ನೋಡುತ್ತಿದ್ದೆ, ಕಲೆ ಹಳೇ ಜಾಗದಲ್ಲೇ ಇದೆಯಾ, ಇಲ್ಲ ಸ್ವಲ್ಪ ಮುಂದಕ್ಕೆ ಸರಿದಿದೆಯಾ ಅಂತ.